ಉಪ್ಪಿನ ಹರಳಲ್ಲಿ ಜೋಡಿ ಎಲ್ಲಿದೆ?

ಕುಮಟಾ ತಾಲೂಕಿನ ಒಂದು ಊರು, ಸಂಜೆ ಐದೂವರೆ. ಜಗಲಿಯಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕಿ ಅಕ್ಕೋರು ಕೂತಿದ್ದಾರೆ. ಎದುರಿಗಿರುವ ಮಾಸ್ತರ ಒಂದು ಕಾಲಕ್ಕೆ ಅವರಲ್ಲೇ ಕಲಿತವನು, ಈಗ ಅದೇ ಪಾಠ ಹೇಳುವವನು. ನಡುವೆ ಕವಳದ ತಟ್ಟೆ, ಅದರಲ್ಲಿ ಅಡಕತ್ತರಿ, ಸುಣ್ಣದ ಡಬ್ಬಿ. ಪಕ್ಕದಲ್ಲಿ ಸಾಣಿಕಟ್ಟೆಯ ಕಲ್ಲುಪ್ಪು ತುಂಬಿದ ಹಳೆಯ ಭರಣಿ.

ಮಾಸ್ತರ: ಅಕ್ಕೋರೇ, ನಾಳೆ ಹತ್ತನೇ ಕ್ಲಾಸಿಗೆ ಅಯಾನಿಕ ಬಂಧ ಶುರು. ನೀವು ನಮಗೆ ಹೇಳಿಕೊಟ್ಟ ಹಾಗೇ ಹೇಳುವುದು ಅಂದುಕೊಂಡಿದ್ದೇನೆ. ಸೋಡಿಯಂನ ಹೊರ ಕವಚದಲ್ಲಿ ಒಂದೇ ಎಲೆಕ್ಟ್ರಾನ್, ಅದಕ್ಕೆ ಅದು ಹೊರೆ. ಕ್ಲೋರಿನ್‌ಗೆ ಏಳಿದೆ, ಒಂದು ಕಡಿಮೆ. ಸೋಡಿಯಂ ಸಂತೋಷದಿಂದ ಕೊಡುತ್ತದೆ, ಕ್ಲೋರಿನ್ ಸಂತೋಷದಿಂದ ತೆಗೆದುಕೊಳ್ಳುತ್ತದೆ, ಇಬ್ಬರಿಗೂ ಎಂಟಾಯಿತು. ಮಕ್ಕಳಿಗೆ ಒಂದೇ ಸಲಕ್ಕೆ ತಲೆಗೆ ಹೋಗುತ್ತದೆ.

ಅಕ್ಕೋರು: ಹಾಗೆ ಹೇಳಬೇಡ ತಮ್ಮಾ.

ಮಾಸ್ತರ: ನೀವೇ ಹೇಳಿದ್ದಲ್ಲವಾ?

ಅಕ್ಕೋರು: ಹೌದು, ನಾನೇ ಹೇಳಿದ್ದು. ನಿಮ್ಮ ಬ್ಯಾಚಿಗೂ ಹೇಳಿದ್ದೆ, ನಿಮ್ಮ ನಂತರದ ನಾಲ್ಕೈದು ಬ್ಯಾಚಿಗೂ ಹೇಳಿದ್ದೆ. ಆಮೇಲೆ ಬಿಟ್ಟೆ. 2, 8, 1 ಅಂತ ಬರೆಯುವುದರಲ್ಲಿ ತಕರಾರಿಲ್ಲ. ನನ್ನ ತಕರಾರು ಆ ‘ಸಂತೋಷದಿಂದ’ ಅನ್ನುವ ಮಾತಿನ ಮೇಲೆ. ಸೋಡಿಯಂ ತಾನಾಗಿ ಎಲೆಕ್ಟ್ರಾನ್ ಬಿಟ್ಟುಕೊಡುವುದಿಲ್ಲ. ಕೀಳಬೇಕು.

ಮಾಸ್ತರ: ಕೀಳಬೇಕಾ? ಅದು ಸಡಿಲವಾಗಿದೆ ಅಂತಲ್ಲವಾ ನಾವು ಹೇಳುವುದು?

ಅಕ್ಕೋರು: ಬೇರೆ ಧಾತುಗಳಿಗೆ ಹೋಲಿಸಿದರೆ ಸಡಿಲ, ಅಷ್ಟೇ. ಒಳಗೆ ಹನ್ನೊಂದು ಪ್ರೋಟಾನು ಕೂತು ಎಳೆಯುತ್ತಿವೆ. ನಡುವೆ ಹತ್ತು ಎಲೆಕ್ಟ್ರಾನ್ ಅಡ್ಡ ಇರುವುದರಿಂದ ಹೊರಗಿನ ಒಂದಕ್ಕೆ ಆ ಎಳೆತ ಪೂರ್ತಿ ತಾಗುವುದಿಲ್ಲ. ಹಾಗಿದ್ದೂ ಒಂದು ಮೋಲ್ ಸೋಡಿಯಂ, ಅಂದರೆ 23 ಗ್ರಾಂ, ಅದರ ಒಂದೊಂದು ಬಿಡಿ ಪರಮಾಣುವಿನಿಂದ ಒಂದೊಂದು ಎಲೆಕ್ಟ್ರಾನ್ ಕೀಳಬೇಕಾದರೆ 496 ಕಿಲೋಜೌಲ್ ಬೇಕು. ಒಂದೂವರೆ ಲೀಟರ್ ಬಾವಿ ನೀರಿಗೆ ಕುದಿ ಬರಿಸುವಷ್ಟು ಶಾಖ ಅದು.

ಮಾಸ್ತರ: ಆದರೆ ಕ್ಲೋರಿನ್ ಆ ಎಲೆಕ್ಟ್ರಾನ್ ಹಿಡಿದುಕೊಂಡಾಗ ಶಕ್ತಿ ಹೊರಗೆ ಬರುತ್ತದಲ್ಲ. ಅಲ್ಲಿಗೆ ಸರಿಹೋಗುವುದಿಲ್ಲವಾ?

ಅಕ್ಕೋರು: ಬರುತ್ತದೆ. 349. ನೀನೇ ಲೆಕ್ಕ ಹಾಕು.

ಮಾಸ್ತರ: 496ರಲ್ಲಿ 349 ಹೋದರೆ 147. ಇನ್ನೂ 147 ಕೈಬಿಟ್ಟ ಹಾಗಾಯಿತು.

ಅಕ್ಕೋರು: ಅದೂ ಬಿಡಿ ಪರಮಾಣುಗಳು ಕೈಗೆ ಸಿಕ್ಕಿದ ಮೇಲಿನ ಮಾತು. ಸೋಡಿಯಂ ಇರುವುದು ಲೋಹದ ತುಂಡಾಗಿ, ಅದನ್ನು ಬಿಡಿಬಿಡಿ ಮಾಡಲು 107. ಕ್ಲೋರಿನ್ ಇರುವುದು ಎರಡೆರಡು ಕೂಡಿದ ಅನಿಲವಾಗಿ, ಅದನ್ನು ಬಿಡಿಸಲು 122. ಈಗ ಒಟ್ಟು ಎಷ್ಟು?

ಮಾಸ್ತರ: 376 ಸಾಲ.

ಅಕ್ಕೋರು: ಆದರೆ ಸೋಡಿಯಂ ತುಂಡನ್ನು ಬಿಸಿ ಮಾಡಿ ಕ್ಲೋರಿನ್ ಜಾಡಿಯೊಳಗೆ ಇಳಿಸಿದರೆ ಧಗ್ಗನೆ ಹಳದಿ ಬೆಂಕಿ ಏಳುತ್ತದೆ. ಬಿಳಿ ಹೊಗೆ ಬರುತ್ತದೆ, ಆ ಹೊಗೆಯೇ ಉಪ್ಪು. 376 ಸಾಲದ ವ್ಯವಹಾರದಲ್ಲಿ ಅಷ್ಟು ಬೆಂಕಿ ಎಲ್ಲಿಂದ ಬಂತು?

ಮಾಸ್ತರ: ಎಂಟಾಯಿತಲ್ಲ, ಅದಕ್ಕೆ ಅನ್ನುತ್ತಿದ್ದೆ. ಆದರೆ ಎಂಟಾಗುವ ಕೆಲಸ ಈ ಲೆಕ್ಕದೊಳಗೇ ಮುಗಿದುಹೋಗಿದೆ. ಎಂಟಾದ ಮೇಲೂ ಸಾಲ ಹಾಗೇ ಇದೆ.

ಅಕ್ಕೋರು: ನನಗೆ ಇದು ಹೊಳೆಯಲು ಎಷ್ಟೋ ವರ್ಷ ಬೇಕಾಯಿತು, ನೀನು ಒಂದು ಕವಳ ಹಾಕುವುದರೊಳಗೆ ಹಿಡಿದೆ. ಬೆಂಕಿ ಬರುವುದು ಆಮೇಲಿನ ಹೆಜ್ಜೆಯಲ್ಲಿ. ಸೋಡಿಯಂ ಧನ ಅಯಾನು ಆಯಿತು, ಕ್ಲೋರಿನ್ ಋಣ ಅಯಾನು ಆಯಿತು. ಅವು ಒಂದನ್ನೊಂದು ಎಳೆದುಕೊಂಡು ಗುಂಪುಗೂಡಿ ಹರಳಾಗುವಾಗ 787 ಕಿಲೋಜೌಲ್ ಹೊರಗೆ ಬರುತ್ತದೆ. ಸಾಲದ 376 ತೀರಿ 411 ಉಳಿಯುತ್ತದೆ. ಇಷ್ಟೂ 58.5 ಗ್ರಾಂ ಉಪ್ಪಿನ ಲೆಕ್ಕ. ಜರ್ಮನಿಯ ಮ್ಯಾಕ್ಸ್ ಬಾರ್ನ್ ಮತ್ತು ಫ್ರಿಟ್ಜ್ ಹೇಬರ್ 1919ರಲ್ಲಿ ಈ ಜಮಾಖರ್ಚಿನ ದಾರಿ ತೋರಿಸಿದರು. ಎಲೆಕ್ಟ್ರಾನ್ ಕೈ ಬದಲಾದದ್ದನ್ನೇ ನಾವು ಬಂಧ ಅಂತ ಬೋರ್ಡಿನ ಮೇಲೆ ಬಾಣ ಎಳೆದು ತೋರಿಸುತ್ತೇವೆ. ಅದು ಬಂಧಕ್ಕಿಂತ ಮೊದಲು ತೆತ್ತ ಖರ್ಚು. ಬಂಧ ಇರುವುದು ಆಮೇಲಿನ ಎಳೆತದಲ್ಲಿ.

ಮಾಸ್ತರ: ಹಾಗಾದರೆ ಎಂಟು ಅನ್ನುವುದಕ್ಕೆ ಅರ್ಥವೇ ಇಲ್ಲವಾ? ಅಷ್ಟಕ ನಿಯಮ ಪಠ್ಯದಲ್ಲಿದೆ, ಪರೀಕ್ಷೆಗೂ ಬರುತ್ತದೆ.

ಅಕ್ಕೋರು: ಅರ್ಥ ಇದೆ. ಸೋಡಿಯಂನ ಮೊದಲ ಎಲೆಕ್ಟ್ರಾನ್ ಕೀಳಲು 496 ಅಂದೆನಲ್ಲ. ಎರಡನೆಯದಕ್ಕೆ 4,562 ಬೇಕು, ಒಂಬತ್ತು ಪಾಲು ಹೆಚ್ಚು. ಯಾಕೆಂದರೆ ಅದು ಒಳ ಕವಚದ್ದು, ನ್ಯೂಕ್ಲಿಯಸ್ಸಿಗೆ ಹತ್ತಿರ, ಅಡ್ಡ ನಿಲ್ಲುವವರೂ ಕಡಿಮೆ. ಹರಳು ಕಟ್ಟಿದ್ದರಿಂದ ಎಷ್ಟೇ ಬರಲಿ, ಆ ಖರ್ಚು ತುಂಬುವುದಿಲ್ಲ. ಅದಕ್ಕೇ ಸೋಡಿಯಂ ಒಂದಕ್ಕೆ ನಿಂತಿತು. ಎಂಟರ ಆಸೆಯಿಂದ ಅದು ಅಲ್ಲಿ ನಿಂತದ್ದಲ್ಲ. ಅಲ್ಲಿಂದ ಮುಂದೆ ಗಿಟ್ಟುವುದಿಲ್ಲ.

ಮಾಸ್ತರ: ನೀವು ಹೇಳುವುದು ನನಗೆ ತಿಳಿಯುತ್ತದೆ ಅಕ್ಕೋರೇ. ಆದರೆ ಹತ್ತನೇ ಕ್ಲಾಸಿನ ಮಕ್ಕಳು. ಹಿಂದಿನ ಬೆಂಚಿನವನಿಗೆ 787 ಅಂದರೆ ಏನು? ಕೊಟ್ಟ, ತಗೊಂಡ ಅಂದರೆ ಅವನಿಗೊಂದು ಕಥೆಯಾದರೂ ಸಿಗುತ್ತದೆ. ಆ ಕಥೆಯಿಂದ ಅಂಥ ನಷ್ಟವೇನು?

ಅಕ್ಕೋರು: ನಷ್ಟ ಆದದ್ದನ್ನು ಹೇಳುತ್ತೇನೆ ಕೇಳು. ನಿಮ್ಮ ಬ್ಯಾಚು ಹೋಗಿ ನಾಲ್ಕೈದು ವರ್ಷವಾಗಿತ್ತು. ಒಬ್ಬಳು ಹುಡುಗಿ. ಅವಳ ಮನೆಯವರು ಉಪ್ಪಿನ ಆಗರಕ್ಕೆ ಕೆಲಸಕ್ಕೆ ಹೋಗುವವರು, ಬೇಸಿಗೆಯಲ್ಲಿ ಅವಳೂ ಹೋಗುತ್ತಿದ್ದಳು. ನಾನು ಬೋರ್ಡಿನ ಮೇಲೆ ಸೋಡಿಯಂನಿಂದ ಕ್ಲೋರಿನ್‌ಗೆ ಬಾಣ ಎಳೆದು, ಇದೋ ಉಪ್ಪಿನ ಅಣು ಆಯಿತು ಅಂದೆ. ಮಾರನೇ ದಿನ ಅವಳು ಲಂಗದ ಜೇಬಿನಲ್ಲಿ ಒಂದು ಹರಳು ತಂದಿದ್ದಳು. ಬಟಾಣಿ ಕಾಳಿನಷ್ಟು ದಪ್ಪ, ನಾಲ್ಕೂ ಕಡೆ ಚೌಕ. ಕ್ಲಾಸಿನಲ್ಲಿ ಎದ್ದು ನಿಂತು ಕೇಳಿದಳು: ಅಕ್ಕೋರೇ, ಇದರೊಳಗೆ ಜೋಡಿ ಎಲ್ಲಿದೆ? ಯಾವ ಸೋಡಿಯಂ ಯಾವ ಕ್ಲೋರಿನ್‌ದು? ಎರಡೆರಡೇ ಕೂಡಿಕೊಂಡರೆ ಆ ಜೋಡಿಗಳೆಲ್ಲ ಸೇರಿ ಇಷ್ಟು ಗಟ್ಟಿ ಕಲ್ಲು ಹೇಗಾಯಿತು?

ಮಾಸ್ತರ: ನೀವೇನು ಹೇಳಿದಿರಿ?

ಅಕ್ಕೋರು: ಅದೆಲ್ಲ ಕಣ್ಣಿಗೆ ಕಾಣುವುದಲ್ಲ, ಕೂತುಕೋ ಅಂದೆ. ಅವಳು ಕೂತಳು. ಆ ವರ್ಷವೆಲ್ಲ ಮತ್ತೆ ಏನೂ ಕೇಳಲಿಲ್ಲ. ನನ್ನ ಕಥೆಯೊಳಗೆ ಅವಳ ಪ್ರಶ್ನೆಗೆ ಜಾಗ ಇರಲಿಲ್ಲ ತಮ್ಮಾ. ಕೊಟ್ಟವನು ಒಬ್ಬ, ತೆಗೆದುಕೊಂಡವನು ಒಬ್ಬ, ಅಲ್ಲಿಗೆ ಕಥೆ ಮುಗಿಯಿತು. ಉಳಿದವರಿಗೆ ಅಲ್ಲಿ ಕೆಲಸವೇ ಇಲ್ಲ.

ಮಾಸ್ತರ: ನಾನೂ ಪರೀಕ್ಷೆಯಲ್ಲಿ ಉಪ್ಪಿನ ಅಣು ಅಂತಲೇ ಬರೆದಿದ್ದೆ. ನೀವು ಪೂರ್ತಿ ಅಂಕ ಕೊಟ್ಟಿದ್ದಿರಿ.

ಅಕ್ಕೋರು: ಕೊಟ್ಟಿರಬೇಕು. ಈಗ ಆ ಭರಣಿಯಿಂದ ಚೌಕವಾದ ಒಂದು ಹರಳು ಆರಿಸಿ ಕೊಡು. ಚಮಚ ಹಾಕು, ಕೈ ಹಾಕಬೇಡ. ಹಾಂ, ಇದಾಗುತ್ತದೆ. ಈ ಭೂತಗನ್ನಡಿ ಹಿಡಿದು ನೋಡು.

ಮಾಸ್ತರ: ಅಂಚುಗಳು ನೇರ ಇವೆ. ಒಂದು ಮುಖದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಒಳಗೆ ಇಳಿದಿದೆ, ದೇವಸ್ಥಾನದ ಕಲ್ಯಾಣಿಯ ಹಾಗೆ. ಒಳಗೆ ತುಸು ಮಬ್ಬು.

ಅಕ್ಕೋರು: ಹರಳು ಬೆಳೆಯುವಾಗ ಅಂಚುಗಳು ಬೇಗ ಬೆಳೆದು ನಡುವಿನ ಭಾಗ ಹಿಂದೆ ಉಳಿದರೆ ಹಾಗೆ ಮೆಟ್ಟಿಲಾಗುತ್ತದೆ. ಆ ಮಬ್ಬು, ಬೆಳೆಯುವ ಗಡಿಬಿಡಿಯಲ್ಲಿ ಒಳಗೆ ಸಿಕ್ಕಿಕೊಂಡ ಉಪ್ಪುನೀರಿನ ಸಣ್ಣ ಸಣ್ಣ ಗುಳ್ಳೆಗಳದ್ದು. ದೃಷ್ಟಿ ತೆಗೆದು ಉಪ್ಪನ್ನು ಒಲೆಗೆ ಹಾಕಿದರೆ ಚಟಪಟ ಅನ್ನುತ್ತದಲ್ಲ, ಆ ನೀರು ಆವಿಯಾಗಿ ಹರಳನ್ನು ಸೀಳುವ ಸದ್ದು ಅದು. ಈಗ ಇಲ್ಲಿ ನೋಡು. ಅಡಕತ್ತರಿಯ ಅಲಗನ್ನು ಹರಳಿನ ಅಂಚಿಗೆ ಸಮನಾಗಿ ಇಟ್ಟು ಒತ್ತುತ್ತೇನೆ.

ಮಾಸ್ತರ: ಎರಡಾಯಿತು. ಒಡೆದ ಜಾಗ ಕೂಡ ಚಪ್ಪಟೆ, ಸಾಣೆ ಹಿಡಿದ ಹಾಗೆ.

ಅಕ್ಕೋರು: ಕಲ್ಲುಸಕ್ಕರೆ ಹೀಗೆ ಒಡೆಯುವುದಿಲ್ಲ, ಅಡಿಕೆಯೂ ಇಲ್ಲ. ಈ ಹರಳಿನೊಳಗೆ ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್ ಅಯಾನುಗಳಿವೆ. ಮೇಲೊಂದು, ಕೆಳಗೊಂದು, ಎಡಕ್ಕೆ, ಬಲಕ್ಕೆ, ಹಿಂದೆ, ಮುಂದೆ. ಪ್ರತಿ ಕ್ಲೋರೈಡಿನ ಸುತ್ತ ಅದೇ ರೀತಿ ಆರು ಸೋಡಿಯಂ. ಪಕ್ಕಪಕ್ಕದವುಗಳ ನಡುವೆ ಸುಮಾರು 0.28 ನ್ಯಾನೊಮೀಟರ್. ಒಂದು ಮಿಲಿಮೀಟರ್ ಉದ್ದದ ಅಂಚಿನಲ್ಲಿ ಸುಮಾರು 35 ಲಕ್ಷ ಅಯಾನುಗಳು ಸಾಲಾಗಿ ನಿಂತಿರುತ್ತವೆ. ಈ ಆರರಲ್ಲಿ ‘ನನ್ನ ಎಲೆಕ್ಟ್ರಾನ್ ತೆಗೆದುಕೊಂಡದ್ದು ಇದು’ ಅಂತ ತೋರಿಸಲು ಬರುವುದಿಲ್ಲ. ಆರೂ ಅದಕ್ಕೆ ಸಮ. ಆರರ ಆಚೆಯವೂ ಎಳೆಯುತ್ತವೆ ಅಥವಾ ದೂಡುತ್ತವೆ, ದೂರ ಹೋದಷ್ಟೂ ಕಡಿಮೆಯಾಗುತ್ತ. ಇದನ್ನೆಲ್ಲ ಕೂಡಿ ಕಳೆದರೆ, ಅಷ್ಟೇ ದೂರದಲ್ಲಿರುವ ಒಂಟಿ ಜೋಡಿಗಿಂತ ಹರಳಿನಲ್ಲಿ ಮುಕ್ಕಾಲು ಪಾಲು ಹೆಚ್ಚು ಎಳೆತ ಸಿಗುತ್ತದೆ. ಆ ಹುಡುಗಿ ಕೇಳಿದ್ದಕ್ಕೆ ಉತ್ತರ ಇದು. ಜೋಡಿ ಇಲ್ಲ. ಇಡೀ ಕಲ್ಲೇ ಒಂದು ಬಂಧ.

ಮಾಸ್ತರ: ಚಪ್ಪಟೆ ಒಡೆದದ್ದು?

ಅಕ್ಕೋರು: ಒತ್ತಿದಾಗ ಒಂದು ಪದರ ಒಂದು ಸ್ಥಾನ ಸರಿಯಿತು ಅಂತಿಟ್ಟುಕೋ. ಅಲ್ಲಿಯವರೆಗೆ ಧನದ ಎದುರಿಗೆ ಋಣ ಇತ್ತು. ಈಗ ಧನದ ಎದುರಿಗೆ ಧನ ಬಂತು, ಋಣದ ಎದುರಿಗೆ ಋಣ. ಇಡೀ ಪದರವೇ ಇನ್ನೊಂದು ಪದರವನ್ನು ದೂಡುತ್ತದೆ. ಅದಕ್ಕೇ ಉಪ್ಪು ಗಟ್ಟಿಯಾಗಿದ್ದೂ ಬಗ್ಗುವುದಿಲ್ಲ, ಸೀಳುತ್ತದೆ.

ಮಾಸ್ತರ: ಇದನ್ನು ನಾಳೆ ಮಾಡಿ ತೋರಿಸಬಹುದು.

ಅಕ್ಕೋರು: ಈ ‘ಜೋಡಿ ಇಲ್ಲ’ ಅನ್ನುವ ಮಾತಿಗೆ ಒಮ್ಮೆ ದೊಡ್ಡ ಜಗಳವೇ ನಡೆದಿದೆ. 1913ರಲ್ಲಿ ಇಂಗ್ಲೆಂಡಿನ ಬ್ರ್ಯಾಗ್ ಅಪ್ಪ-ಮಗ ಎಕ್ಸ್-ಕಿರಣ ಹಾಯಿಸಿ ಉಪ್ಪಿನ ಹರಳಿನ ಒಳಗಿನ ಕ್ರಮ ಕಂಡುಹಿಡಿದರು. ಎರಡು ವರ್ಷಕ್ಕೆ ನೊಬೆಲ್ ಬಂತು, ಮಗನಿಗೆ ಆಗ ಬರೀ 25. ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡ್ ಅನ್ನುವ ಅಣುವೇ ಇಲ್ಲ, ಚದುರಂಗದ ಮನೆಗಳ ಹಾಗೆ ಒಂದು ಬಿಟ್ಟು ಒಂದು ಜೋಡಣೆ ಅಷ್ಟೇ ಅಂದ ಮಗ ಬ್ರ್ಯಾಗ್. ಹೆನ್ರಿ ಆರ್ಮ್‌ಸ್ಟ್ರಾಂಗ್ ಅಂತ ಹಿರಿಯ ರಸಾಯನಶಾಸ್ತ್ರಜ್ಞರೊಬ್ಬರಿಗೆ ಅದನ್ನು ಸಹಿಸಲು ಆಗಲಿಲ್ಲ. 1927ರಲ್ಲಿ, 79ನೇ ವಯಸ್ಸಿನಲ್ಲಿ, ‘ನೇಚರ್’ ಪತ್ರಿಕೆಗೆ ಬಿರುಸಾದ ಪತ್ರ ಬರೆದರು. ಬಡಪಾಯಿ ಉಪ್ಪಿಗೆ ಇಂಥ ಗತಿಯಾ ಅನ್ನುವ ಧಾಟಿ ಅದು. ಎಲ್ಲರೂ ಅವರನ್ನು ಹಟಮಾರಿ ಮುದುಕ ಅನ್ನುತ್ತಾರೆ. ನನಗೆ ಮಾತ್ರ ಅವರ ಸಂಕಟ ಅರ್ಥವಾಗುತ್ತದೆ. ಜೀವಮಾನವಿಡೀ ಅಣು, ಅಣು ಅಂತ ಪಾಠ ಹೇಳಿದವರಿಗೆ, ದಿನಾ ಉಣ್ಣುವ ಉಪ್ಪಿನಲ್ಲೇ ಅಣು ಇಲ್ಲ ಅಂದರೆ ಕಾಲಡಿಯ ನೆಲ ಸರಿದ ಹಾಗಾಗುತ್ತದೆ.

ಮಾಸ್ತರ: ಹಾಗಾದರೆ ಅಣು ಅನ್ನುವ ಮಾತು ಎಲ್ಲಿ ಸಲ್ಲುತ್ತದೆ? ಸಕ್ಕರೆಗೆ?

ಅಕ್ಕೋರು: ಸಕ್ಕರೆಗೆ ಸಲ್ಲುತ್ತದೆ, ಚೆನ್ನಾಗಿ ಸಲ್ಲುತ್ತದೆ. 12 ಕಾರ್ಬನ್, 22 ಹೈಡ್ರೋಜನ್, 11 ಆಕ್ಸಿಜನ್, ಒಟ್ಟು 45 ಪರಮಾಣು. ಯಾವುದರ ಪಕ್ಕ ಯಾವುದು ಅನ್ನುವುದು ಖಚಿತ. ಅಲ್ಲಿ ಹುಡುಗಿಯ ಪ್ರಶ್ನೆ ಕೇಳಿದರೆ ಬೆರಳಿಟ್ಟು ತೋರಿಸಬಹುದು, ಈ ಆಕ್ಸಿಜನ್ ಈ ಕಾರ್ಬನ್ನಿನದು ಅಂತ.

ಮಾಸ್ತರ: ಅದು ಹಂಚಿಕೊಳ್ಳುವ ಬಂಧ. ಅಲ್ಲೂ ನಾನು ಕಥೆ ಹೇಳುತ್ತೇನೆ: ಇಬ್ಬರಿಗೂ ಪುಸ್ತಕ ಬೇಕು, ಇರುವುದು ಒಂದೇ, ನಡುವೆ ಇಟ್ಟುಕೊಂಡು ಓದುತ್ತಾರೆ. ಅದೂ ಬೇಡವಾ?

ಅಕ್ಕೋರು: ಅದು ಪರವಾಗಿಲ್ಲ. ನಡುವೆ ಇಡುವುದು ಅನ್ನುವ ಮಾತು ಅದರಲ್ಲಿ ಇದೆಯಲ್ಲ, ಅದು ನಿಜಕ್ಕೆ ಹತ್ತಿರ. ಎಲ್ಲಕ್ಕಿಂತ ಸರಳವಾದದ್ದು ಹೈಡ್ರೋಜನ್ ಅಣು. ಎರಡು ಪ್ರೋಟಾನು, ಎರಡು ಎಲೆಕ್ಟ್ರಾನ್, ಮತ್ತೇನೂ ಇಲ್ಲ. ದೂರದಲ್ಲಿದ್ದಾಗ ಒಂದಕ್ಕೆ ಇನ್ನೊಂದರ ಪರಿವೆಯಿಲ್ಲ. ಹತ್ತಿರ ಬಂದ ಹಾಗೆ ಎರಡೂ ಎಲೆಕ್ಟ್ರಾನ್‌ಗಳಿಗೆ ಓಡಾಡುವ ಜಾಗ ದೊಡ್ಡದಾಗುತ್ತದೆ, ಎರಡೂ ನ್ಯೂಕ್ಲಿಯಸ್ಸಿನ ಸುತ್ತ ಹರಡಿಕೊಳ್ಳುತ್ತವೆ. ಎಲೆಕ್ಟ್ರಾನ್ ಮೋಡ ನಡುವೆ ದಟ್ಟವಾಗುತ್ತದೆ. ನಡುವಿನ ಆ ಋಣವನ್ನು ಎಡಗಡೆಯ ಪ್ರೋಟಾನೂ ಎಳೆಯುತ್ತದೆ, ಬಲಗಡೆಯದೂ ಎಳೆಯುತ್ತದೆ. ಇನ್ನೂ ಹತ್ತಿರ ಒತ್ತಿದರೆ ಪ್ರೋಟಾನುಗಳು ಒಂದನ್ನೊಂದು ದೂಡುತ್ತವೆ. ಎಳೆತ, ದೂಡುವಿಕೆ ಸಮವಾಗುವ ಒಂದು ದೂರ ಇದೆ, 0.074 ನ್ಯಾನೊಮೀಟರ್. ಅಲ್ಲಿ ನೆಲೆಗೊಳ್ಳುತ್ತವೆ. ನೆಲೆಗೊಳ್ಳುವಾಗ ಒಂದು ಮೋಲಿಗೆ 436 ಕಿಲೋಜೌಲ್ ಹೊರಬರುತ್ತದೆ. ಬಿಡಿಸಬೇಕಾದರೆ ಅಷ್ಟನ್ನೇ ವಾಪಸ್ ಕೊಡಬೇಕು.

ಮಾಸ್ತರ: ನಮ್ಮ ಮಕ್ಕಳು ಇಲ್ಲೇ ಎಡವುತ್ತಾರೆ. ಬಂಧ ಒಡೆದರೆ ಶಕ್ತಿ ಬರುತ್ತದೆ ಅಂತ ಬರೆಯುತ್ತಾರೆ. ಸೌದೆ ಉರಿದರೆ ಬಂಧ ಒಡೆದು ಬೆಂಕಿ ಬಂತು ಅಂತ.

ಅಕ್ಕೋರು: ಒಡೆಯಲು ಯಾವಾಗಲೂ ಖರ್ಚೇ. ಬೆಂಕಿ ಬರುವುದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಿನಲ್ಲಿ ಹೊಸ, ಇನ್ನೂ ಬಿಗಿಯಾದ ಬಂಧ ಕಟ್ಟುವಾಗ. ಆದರೆ ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿದೆ. ಉಪ್ಪು ಕರಗಲು, ಅಂದರೆ ಬೆಂಕಿಯಲ್ಲಿ ದ್ರವವಾಗಲು, 801 ಡಿಗ್ರಿ ಬೇಕು. ಸಕ್ಕರೆ ಇನ್ನೂರು ಮುಟ್ಟುವ ಮೊದಲೇ ಕರಗಿ ಕೆಂಪಾಗುತ್ತದೆ. ಆದ್ದರಿಂದ ಸಹವೇಲೆನ್ಸಿ ಬಂಧ, ಅಂದರೆ ಈ ಹಂಚಿಕೊಳ್ಳುವ ಬಂಧ, ದುರ್ಬಲ ಅಂತ ಬರೆಯುತ್ತಾರೆ. ನೀನೂ ಹಾಗೇ ಹೇಳುತ್ತೀಯಾ?

ಮಾಸ್ತರ: ಹೇಳಿದ್ದೇನೆ.

ಅಕ್ಕೋರು: ಇಡ್ಲಿ ಪಾತ್ರೆಯ ಹಬೆಯನ್ನು ನೆನಪು ಮಾಡಿಕೋ. ನೀರು ಕುದಿದಾಗ ಆಕ್ಸಿಜನ್-ಹೈಡ್ರೋಜನ್ ಬಂಧ ಬಿಟ್ಟುಹೋಗುವುದಾದರೆ ಪಾತ್ರೆಯಿಂದ ಏಳುವುದು ಆ ಎರಡು ಅನಿಲಗಳ ಮಿಶ್ರಣ. ಕೆಳಗೆ ಒಲೆ ಉರಿಯುತ್ತಿದೆ. ಅಡುಗೆಮನೆ ಹಾರಿಹೋಗುತ್ತಿತ್ತು. ಹಾಗಾಗುವುದಿಲ್ಲ, ಯಾಕೆಂದರೆ ಹಬೆಯೂ ನೀರೇ. ಪ್ರತಿ ಅಣು ಇಡಿಯಾಗಿಯೇ ಇದೆ. ಕಡಿದದ್ದು ಅಣು ಅಣುವಿನ ನಡುವಿನ ಮೆಲ್ಲನೆಯ ಎಳೆತ ಮಾತ್ರ. ಅಣುವಿನ ಒಳಗಿನ ಬಂಧ ಬಹಳ ಬಿಗಿ. ಅದೇ ಬಂಧ ಎಲ್ಲೂ ಕಡಿಯದೆ ಕೊನೆಯವರೆಗೆ ಹಬ್ಬಿದರೆ ಏನಾಗುತ್ತದೆ ಅಂತ ನೋಡಬೇಕಾದರೆ ವಜ್ರ ನೋಡು. ಬರೀ ಕಾರ್ಬನ್, ಬರೀ ಸಹವೇಲೆನ್ಸಿ ಬಂಧ. ಅದನ್ನು ದುರ್ಬಲ ಅನ್ನುವವರು ಯಾರು?

ಮಾಸ್ತರ: ನಾನು ಪ್ರಯೋಗಕ್ಕೆ ಸಾಮಾನು ತಂದಿದ್ದೇನೆ. ಒಂಬತ್ತು ವೋಲ್ಟಿನ ಬ್ಯಾಟರಿ, ಕೆಂಪು ಎಲ್‌ಇಡಿ, ಎರಡು ಪೆನ್ಸಿಲ್ ಕಡ್ಡಿ. ನಾಳೆ ಕೈಕೊಡಬಾರದು ಅಂತ ಇಲ್ಲೇ ಒಮ್ಮೆ ಮಾಡಿ ನೋಡುತ್ತೇನೆ.

ಅಕ್ಕೋರು: ಮಾಡು. ಮೊದಲು ಒಣ ಉಪ್ಪಿಗೆ ತಾಗಿಸು.

ಮಾಸ್ತರ: ಹೊತ್ತಲಿಲ್ಲ. ಸಕ್ಕರೆ ನೀರು, ಹೊತ್ತಲಿಲ್ಲ. ಉಪ್ಪು ನೀರು... ಹೊತ್ತಿತು. ಒಂದು ಕಡ್ಡಿಯಿಂದ ಗುಳ್ಳೆ ಸಣ್ಣಗೆ ಏಳುತ್ತಿದೆ. ಬ್ಲೀಚಿಂಗ್ ಪೌಡರಿನ ವಾಸನೆ ತುಸು ಬರುತ್ತಿದೆಯಲ್ಲ?

ಅಕ್ಕೋರು: ಅದು ಕ್ಲೋರಿನ್, ಹೆಚ್ಚು ಹೊತ್ತು ಮೂಗಿಗೆ ಹಿಡಿಯಬೇಡ. ಕ್ಲೋರೈಡ್ ಅಯಾನು ತನ್ನಲ್ಲಿದ್ದ ಹೆಚ್ಚಿನ ಎಲೆಕ್ಟ್ರಾನನ್ನು ಕಡ್ಡಿಗೆ ಬಿಟ್ಟುಕೊಟ್ಟು ಮತ್ತೆ ಅನಿಲವಾಗುತ್ತಿದೆ. ಗುಳ್ಳೆ ಹೆಚ್ಚಾಗಿ ಏಳುವ ಕಡ್ಡಿಯಲ್ಲಿರುವುದು ನೀರಿನಿಂದ ಬಂದ ಹೈಡ್ರೋಜನ್. ಒಣ ಹರಳಿನಲ್ಲೂ ಇದೇ ಅಯಾನುಗಳಿದ್ದವು, ಆದರೆ ಜಾಗ ಬಿಟ್ಟು ಅಲ್ಲಾಡುವ ಹಾಗಿರಲಿಲ್ಲ. ಸಕ್ಕರೆಯೂ ಕರಗಿದೆ, ಆದರೆ ಅಣು ಅಣುವಾಗಿ ಕರಗಿದೆ. 45 ಪರಮಾಣುವಿನ ಗುಂಪು ಹಾಗೇ ಇಡಿಯಾಗಿ ನೀರಿನಲ್ಲಿ ತೇಲುತ್ತಿದೆ, ಅದಕ್ಕೆ ಆವೇಶವಿಲ್ಲ.

ಮಾಸ್ತರ: ಒಂದು ಸಂಶಯ ನನಗೇ ಇದೆ, ಮಕ್ಕಳು ಕೇಳಿದರೆ ಸಿಕ್ಕಿಬೀಳುತ್ತೇನೆ. ಉಪ್ಪು ಕರಗಿಸಲು ಬೆಂಕಿಗೆ 801 ಡಿಗ್ರಿ ಬೇಕು. ತಣ್ಣೀರಿಗೆ ಅರ್ಧ ನಿಮಿಷ ಸಾಕು. ನೀರಿಗೆ ಎಲ್ಲಿಂದ ಬಂತು ಆ ತಾಕತ್ತು?

ಅಕ್ಕೋರು: ನೀರಿನ ಅಣು ಸಮನಾಗಿಲ್ಲ. ಆಕ್ಸಿಜನ್ ಎಲೆಕ್ಟ್ರಾನನ್ನು ತನ್ನ ಕಡೆಗೆ ಹೆಚ್ಚು ಎಳೆದುಕೊಂಡಿದೆ, ಹೈಡ್ರೋಜನ್‌ಗಳು ಒಂದು ಬದಿಗೆ ಬಾಗಿವೆ. ಹಾಗಾಗಿ ಆಕ್ಸಿಜನ್ ಬದಿ ತುಸು ಋಣ, ಇನ್ನೊಂದು ಬದಿ ತುಸು ಧನ. ಹರಳಿನ ಮೂಲೆಯಲ್ಲಿರುವ ಸೋಡಿಯಂಗೆ ಹಿಡಿತ ಕಡಿಮೆ, ಮೂರೇ ಜನ ನೆರೆಯವರು. ನೀರಿನ ಅಣುಗಳು ಆಕ್ಸಿಜನ್ ಬದಿ ಮುಂದೆ ಮಾಡಿ ಅದನ್ನು ಸುತ್ತುಗಟ್ಟುತ್ತವೆ. ಕ್ಲೋರೈಡನ್ನು ಹೈಡ್ರೋಜನ್ ಬದಿಯಿಂದ ಸುತ್ತುಗಟ್ಟುತ್ತವೆ. ಹರಳು ಕೊಡುತ್ತಿದ್ದಷ್ಟೇ ಎಳೆತವನ್ನು ನೀರೂ ಕೊಡುತ್ತದೆ, ಹೆಚ್ಚುಕಡಿಮೆ ಸಮ. ಬೆಂಕಿ ಹರಳನ್ನು ಅಲುಗಾಡಿಸಿ ಅಲುಗಾಡಿಸಿ ಸಡಿಲ ಮಾಡಬೇಕು, ಅದರ ಕೈಯಲ್ಲಿ ಬದಲಿಗೆ ಕೊಡಲು ಏನೂ ಇಲ್ಲ. ನೀರಿನ ಹತ್ತಿರ ಇದೆ. ಸಕ್ಕರೆಯ ಅಣುವಿಗೂ ನೀರಿನಂತೆಯೇ ಎಂಟು ಆಕ್ಸಿಜನ್-ಹೈಡ್ರೋಜನ್ ತುದಿಗಳಿವೆ. ನೀರು ಅವುಗಳನ್ನು ಹಿಡಿದು ಅಣುವನ್ನು ಇಡಿಯಾಗಿ ಎತ್ತಿಕೊಂಡು ಹೋಗುತ್ತದೆ.

ಮಾಸ್ತರ: ಮಳೆಗಾಲದಲ್ಲಿ ನಮ್ಮ ಕಲ್ಲುಪ್ಪು ತಾನಾಗಿಯೇ ನೀರೊಡೆಯುವುದು?

ಅಕ್ಕೋರು: ಅದಕ್ಕೆ ಜೊತೆಯಲ್ಲಿ ಬಂದ ಮೆಗ್ನೀಸಿಯಂ ಕ್ಲೋರೈಡ್ ಮುಖ್ಯ ಕಾರಣ. ಮೆಗ್ನೀಸಿಯಂ ಎರಡು ಎಲೆಕ್ಟ್ರಾನ್ ಕಳೆದುಕೊಂಡದ್ದು, ಗಾತ್ರದಲ್ಲಿ ಸಣ್ಣದು, ಅದಕ್ಕೆ ನೀರಿನ ಮೇಲೆ ಭಾರೀ ಸೆಳೆತ. ಆಗರದಲ್ಲಿ ಉಪ್ಪು ಗೋರಿದ ಮೇಲೆ ಉಳಿಯುವ ಕಹಿ ನೀರಿನಲ್ಲಿ ಅದು ಹೆಚ್ಚಿರುತ್ತದೆ. ಗೋರಿದ ಉಪ್ಪಿಗೂ ಸ್ವಲ್ಪ ಅಂಟಿಕೊಂಡು ಬರುತ್ತದೆ. ಆಷಾಢದ ಗಾಳಿಯಿಂದ ತೇವ ಎಳೆದುಕೊಂಡು ಭರಣಿಯ ತಳದಲ್ಲಿ ನೀರು ಮಾಡುವುದು ಅದೇ.

ಮಾಸ್ತರ: ಈಗ ನೀವು ನೀರಿನಲ್ಲಿ ಆಕ್ಸಿಜನ್ ಹೆಚ್ಚು ಎಳೆದುಕೊಂಡಿದೆ ಅಂದಿರಿ. ಅಂದರೆ ಸಮನಾಗಿ ಹಂಚಿಕೊಂಡಿಲ್ಲ. ಹಾಗಾದರೆ ಅದು ಅರ್ಧ ಕೊಟ್ಟ ಹಾಗೆ, ಅರ್ಧ ಹಂಚಿಕೊಂಡ ಹಾಗೆ. ಎರಡು ಬಂಧಗಳ ನಡುವೆ ಗೋಡೆ ಎಲ್ಲಿದೆ?

ಅಕ್ಕೋರು: ಗೋಡೆ ಇಲ್ಲ. ಲೈನಸ್ ಪೌಲಿಂಗ್ 1932ರಲ್ಲಿ ಪ್ರತಿ ಧಾತುವಿಗೂ ಒಂದು ಅಂಕಿ ಕೊಟ್ಟರು, ಬಂಧದಲ್ಲಿ ಎಲೆಕ್ಟ್ರಾನನ್ನು ತನ್ನ ಕಡೆ ಎಷ್ಟು ಎಳೆಯುತ್ತದೆ ಅಂತ. ಇವತ್ತಿನ ಪಟ್ಟಿಯಲ್ಲಿ ಸೋಡಿಯಂಗೆ 0.93, ಕ್ಲೋರಿನ್‌ಗೆ 3.16. ವ್ಯತ್ಯಾಸ ಎರಡು ದಾಟುತ್ತದೆ, ಎಲೆಕ್ಟ್ರಾನ್ ಹೆಚ್ಚುಕಡಿಮೆ ಪೂರ್ತಿ ಆ ಕಡೆ ಹೋಯಿತು ಅನ್ನಬಹುದು. ಹೈಡ್ರೋಜನ್ 2.20, ಆಕ್ಸಿಜನ್ 3.44, ವ್ಯತ್ಯಾಸ 1.24, ವಾಲಿದ ಹಂಚಿಕೆ. ಹೈಡ್ರೋಜನ್-ಹೈಡ್ರೋಜನ್ ಸೊನ್ನೆ, ಸಮಪಾಲು. ಇಷ್ಟರಿಂದ ಈಚೆ ಇದು, ಆಚೆ ಅದು ಅಂತ ಪುಸ್ತಕದವರು ಗೆರೆ ಹಾಕುವುದು ಅನುಕೂಲಕ್ಕೆ. ಇಗೋ, ಈ ಸುಣ್ಣದ ಡಬ್ಬಿಯನ್ನೇ ನೋಡು. ಇದರಲ್ಲಿ ಎರಡೂ ಇವೆ.

ಮಾಸ್ತರ: ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಕ್ಯಾಲ್ಸಿಯಂ ಒಂದು ಅಯಾನು, ಹೈಡ್ರಾಕ್ಸೈಡ್ ಇನ್ನೊಂದು. ಅವುಗಳ ನಡುವೆ ಅಯಾನಿಕ.

ಅಕ್ಕೋರು: ಹೈಡ್ರಾಕ್ಸೈಡಿನ ಒಳಗೆ?

ಮಾಸ್ತರ: ಆಕ್ಸಿಜನ್-ಹೈಡ್ರೋಜನ್. ಸಹವೇಲೆನ್ಸಿ! ಇದನ್ನು ನಾನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೆ, ಹೀಗೆ ನೋಡಿರಲಿಲ್ಲ.

ಅಕ್ಕೋರು: ಅಘನಾಶಿನಿ ಅಳಿವೆಯ ಬಳಚಿನ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟು. ಅಲ್ಲೂ ಹಾಗೇ, ಕಾರ್ಬನ್ನಿಗೂ ಆಕ್ಸಿಜನ್ನಿಗೂ ಹಂಚಿಕೆ, ಆ ಗುಂಪಿಗೂ ಕ್ಯಾಲ್ಸಿಯಂಗೂ ಎಳೆತ. ಅದನ್ನು ಸುಟ್ಟು, ನೀರು ಹಾಕಿ, ಸುಣ್ಣ ಮಾಡುತ್ತಾರೆ. ಪಠ್ಯದಲ್ಲಿ ಅಯಾನಿಕ ಬಂಧ ಲೋಹಗಳ ಪಾಠದಲ್ಲಿ ಬರುತ್ತದೆ, ಸಹವೇಲೆನ್ಸಿ ಕಾರ್ಬನ್ ಪಾಠದಲ್ಲಿ ಬರುತ್ತದೆ. ಮಕ್ಕಳು ಇವೆರಡು ಬೇರೆ ಬೇರೆ ಊರಿನವು ಅಂದುಕೊಳ್ಳುತ್ತಾರೆ. ಎರಡಕ್ಕೂ ಮೂಲ ಒಂದೇ: ಧನಕ್ಕೂ ಋಣಕ್ಕೂ ಇರುವ ಎಳೆತ, ಮತ್ತು ಎಲೆಕ್ಟ್ರಾನ್ ಎಲ್ಲಿದ್ದರೆ ಒಟ್ಟು ಶಕ್ತಿ ಕಡಿಮೆಯಾಗುತ್ತದೆ ಅನ್ನುವುದು.

ಮಾಸ್ತರ: ಈಗ ನನ್ನ ಪರವಾಗಿ ಒಂದು ಮಾತು ಹೇಳುತ್ತೇನೆ. ಗಿಲ್ಬರ್ಟ್ ಲೂಯಿಸ್ ಬಗ್ಗೆ ಓದಿದ್ದೆ. ನಾವು ಬೋರ್ಡಿನ ಮೇಲೆ ಹಾಕುವ ಎಲೆಕ್ಟ್ರಾನ್ ಚುಕ್ಕಿಗಳು ಅವರವು. 1902ರಲ್ಲಿ ಹಾರ್ವರ್ಡಿನಲ್ಲಿ ಪಾಠ ಹೇಳುವಾಗ ಪರಮಾಣುವನ್ನು ಘನಾಕಾರದ ಡಬ್ಬಿಯಂತೆ ಚಿತ್ರ ಬರೆದರು, ಎಂಟು ಮೂಲೆಗೆ ಎಂಟು ಎಲೆಕ್ಟ್ರಾನ್. ಆ ಚಿತ್ರದಿಂದಲೇ ಮುಂದೆ 1916ರಲ್ಲಿ ಹಂಚಿಕೊಂಡ ಜೋಡಿ ಎಲೆಕ್ಟ್ರಾನ್ ಅನ್ನುವ ವಿಚಾರ ಬಂತು. ಪರಮಾಣು ಡಬ್ಬಿಯಲ್ಲ, ಎಲೆಕ್ಟ್ರಾನ್ ಮೂಲೆಯಲ್ಲಿ ಕೂರುವುದಿಲ್ಲ. ಚಿತ್ರ ತಪ್ಪು, ಆದರೆ ಅದರಿಂದ ಹುಟ್ಟಿದ್ದು ಸರಿ. ಕ್ಲಾಸಿನಲ್ಲಿ ಹೇಳುವ ತಪ್ಪು ಕಥೆಗೂ ಒಂದು ಬೆಲೆ ಇರಬಹುದಲ್ಲ?

ಅಕ್ಕೋರು: ಒಳ್ಳೆಯ ಮಾತು. ಇದಕ್ಕೆ ನಾನು ಇಲ್ಲ ಅನ್ನಲಾರೆ. ಲೂಯಿಸ್ ಚುಕ್ಕಿಗಳು ಬೇಕೇ ಬೇಕು, ಅವಿಲ್ಲದೆ ನಾನೂ ಪಾಠ ಮಾಡಲಾರೆ. ಆದರೆ ಲೂಯಿಸ್ ತನ್ನ ಡಬ್ಬಿಯನ್ನು ಹದಿನಾಲ್ಕು ವರ್ಷ ಇಟ್ಟುಕೊಂಡು ಅದಕ್ಕೆ ಪ್ರಶ್ನೆ ಹಾಕುತ್ತಲೇ ಇದ್ದರು. ಮೂರು ಜೋಡಿ ಹಂಚಿಕೊಳ್ಳುವ ನೈಟ್ರೋಜನ್ ಅಣುವನ್ನು ಡಬ್ಬಿಯಲ್ಲಿ ತೋರಿಸಲು ಬರಲಿಲ್ಲ. ಎರಡು ಡಬ್ಬಿಗೆ ಅಂಚು ಸೇರಿದರೆ ಒಂದು ಜೋಡಿ, ಮುಖ ಸೇರಿದರೆ ಎರಡು ಜೋಡಿ, ಮೂರಕ್ಕೆ ದಾರಿಯಿಲ್ಲ. ಅದಕ್ಕಾಗಿ ಡಬ್ಬಿಯನ್ನೇ ಬದಲಿಸಲು ತಯಾರಾದರು. ನಾನು ನನ್ನ ದಾನದ ಕಥೆಯನ್ನು ಹಾಗೆ ಇಟ್ಟುಕೊಂಡಿರಲಿಲ್ಲ. ಒಂದು ಮಗು ಪ್ರಶ್ನೆ ತಂದಾಗ ಕಥೆ ಉಳಿಸಿಕೊಂಡು ಮಗುವನ್ನು ಕೂರಿಸಿದೆ.

ಮಾಸ್ತರ: ಆ ಹುಡುಗಿಗೆ ಆಮೇಲೆ ಹೇಳಿದಿರಾ?

ಅಕ್ಕೋರು: ಹೇಳಿದೆ, ಆದರೆ ಬಹಳ ತಡವಾಗಿ. ಎಸೆಸೆಲ್ಸಿ ಮುಗಿಸಿ ಓದು ನಿಲ್ಲಿಸಿದ್ದಳು. ಒಂದು ಏಪ್ರಿಲ್‌ನಲ್ಲಿ ಆಗರದ ದಂಡೆಯ ಮೇಲೆ ಹೋಗುವಾಗ ಕಂಡಳು, ಉಪ್ಪು ಗುಡ್ಡೆ ಹಾಕುತ್ತಿದ್ದಳು. ನಿಲ್ಲಿಸಿ, ನೀನು ಅವತ್ತು ಕೇಳಿದ್ದು ಸರಿ ಇತ್ತು, ಜೋಡಿ ಇಲ್ಲ, ಒಂದಕ್ಕೆ ಆರು, ಆ ಆರರಲ್ಲಿ ಒಂದೊಂದಕ್ಕೂ ಮತ್ತೆ ಆರು ಅಂದೆ. ಬೆರಳಿನಿಂದ ಮಣ್ಣಿನ ಮೇಲೆ ಚೌಕ ಬರೆದು ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿದಳು. ಕಾಲ ಬಳಿಯಿಂದ ಒಂದು ಹರಳು ತೆಗೆದುಕೊಂಡು, ಅದಕ್ಕೇ ಇದು ಎಷ್ಟು ಒಡೆದರೂ ಚೌಕವೇ ಆಗುವುದು ಅಲ್ಲವಾ ಅಕ್ಕೋರೇ ಅಂದಳು. ನಾನು ಪುಸ್ತಕ ಓದಿ ತಿಳಿದದ್ದನ್ನು ಅವಳು ಅಲ್ಲೇ ನಿಂತು ಹೇಳಿದಳು. ಈ ಭರಣಿಯ ಉಪ್ಪು ಅವಳು ತಂದುಕೊಟ್ಟದ್ದು.

ಮಾಸ್ತರ: ನಾಳೆ ಎಲ್ಲಿಂದ ಶುರು ಮಾಡಲಿ?

ಅಕ್ಕೋರು: ಬಾಣದಿಂದ ಶುರು ಮಾಡಬೇಡ. ಒಬ್ಬೊಬ್ಬರ ಅಂಗೈಗೆ ಒಂದೊಂದು ಹರಳು ಕೊಡು. ಅವಳು ಕೇಳಿದ್ದನ್ನೇ ಕೇಳು, ಇದರಲ್ಲಿ ಜೋಡಿ ಎಲ್ಲಿದೆ ಅಂತ. ಒಂದು ಪೀರಿಯಡ್ ಅದಕ್ಕೇ ಹೋದರೂ ಹೋಗಲಿ. 2, 8, 1 ಮರುದಿನ ಬರೆಯಬಹುದು.

ಮಾಸ್ತರ: ನಲವತ್ತೆರಡು ಮಕ್ಕಳಿದ್ದಾರೆ. ಅಷ್ಟು ಚೌಕದ ಹರಳು ಸಿಗಬೇಕಲ್ಲ.

ಅಕ್ಕೋರು: ಇದರಲ್ಲಿ ಸಿಗುತ್ತದೆ, ಭರಣಿಯನ್ನೇ ತೆಗೆದುಕೊಂಡು ಹೋಗು. ರಾತ್ರಿ ಕೂತು ಆರಿಸಿ ಕಾಗದದಲ್ಲಿ ಕಟ್ಟಿಡು. ಮತ್ತೆ ನೆನಪಿರಲಿ, ಒದ್ದೆ ಕೈ ಹಾಕಬೇಡ.